ಕುರೂಪಕ್ಕೊಂದು ಚರಿತ್ರೆ: ಕೋಲಾರದ ಕಡೆಯಿಂದ ದಲಿತ ಆತ್ಮಕಥನಗಳ ಓದು

ದಲಿತ ಆತ್ಮಕಥನಗಳಲ್ಲಿ ನಮ್ಮ ವಿಮರ್ಶೆ ಎರಡು ಸಂಗತಿಗಳನ್ನು ಚೆನ್ನಾಗಿ ಓದಿದೆ. ಒಂದು ಹಸಿವು, ಇನ್ನೊಂದು ಅವಮಾನ. ಹಸಿವನ್ನು ಭೂಮಿಗೂ ಜೀತಕ್ಕೂ ಜೋಡಿಸಿ ಓದುವುದನ್ನು ಚಳವಳಿ ಕಲಿಸಿತು. ಅವಮಾನವನ್ನು ಜಾತಿ ವ್ಯವಸ್ಥೆಗೆ ಜೋಡಿಸಿ ಓದುವುದನ್ನು ಅಂಬೇಡ್ಕರ್ ಕಲಿಸಿದರು. ಇವೆರಡರ ಮಧ್ಯೆ ಮೂರನೆಯದೊಂದು ಇದೆ. ಅದನ್ನು ಬರೆದವರೂ ಮೆಲ್ಲಗೆ ಬರೆದಿದ್ದಾರೆ, ಓದಿದವರೂ ಮೆಲ್ಲಗೆ ದಾಟಿಕೊಂಡು ಹೋಗಿದ್ದಾರೆ. ನಾನು ಚೆಂದಾಗಿಲ್ಲ, ನನ್ನ ಮುಖ ನಾಲ್ಕು ಜನರ ಮುಂದೆ ತೋರಿಸುವಂಥದ್ದಲ್ಲ ಅನ್ನೋ ತಿಳಿವಳಿಕೆ ಅದು. ಆರೇಳು ವರ್ಷಕ್ಕೇ ಮಗುವಿಗೆ ಇದು ಬಂದುಬಿಟ್ಟಿರುತ್ತದೆ. ವಿಮರ್ಶಕರು ಇದಕ್ಕೆ 'ಕೀಳರಿಮೆ' ಅಂತ ಹೆಸರಿಟ್ಟು ಮುಂದಿನ ಪುಟಕ್ಕೆ ಹೋಗುತ್ತಾರೆ. ಕೀಳರಿಮೆ ಅನ್ನುವ ಪದ ಬಂದ ತಕ್ಷಣ ಅದು ಆ ಮಗುವಿನ ಮನಸ್ಸಿನ ತೊಂದರೆಯಾಗುತ್ತದೆ, ಅದನ್ನು ಗೆಲ್ಲಬೇಕಾದ್ದು ಆ ಮಗುವಿನ ಜವಾಬ್ದಾರಿಯಾಗುತ್ತದೆ. ಹಸಿವಿಗೆ ಚರಿತ್ರೆ ಇದೆ ಅನ್ನುವ ನಾವು ಕುರೂಪಕ್ಕೆ ಮಾತ್ರ ಚರಿತ್ರೆ ಇಲ್ಲ ಅನ್ನುವ ಹಾಗೆ ನಡೆದುಕೊಂಡಿದ್ದೇವೆ.

'ಕುರೂಪ' ಪುಸ್ತಕದ ಮಾತು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಕೇರಿಗಳಲ್ಲಿ ಯಾರೂ ಆ ಪದ ಆಡುವುದಿಲ್ಲ. ನಮ್ಮಲ್ಲಿ 'ಅಸಿಂಗ' ಅನ್ನುತ್ತಾರೆ. ಗಡಿಯ ಮಾತು, ತಮಿಳಿನಲ್ಲೂ ಉಂಟು. ಅಸಿಂಗ ಅಂದರೆ ಹೊಲಸು, ಅಸಿಂಗ ಅಂದರೆ ನಾಚಿಕೆಗೇಡು, ಅಸಿಂಗ ಅಂದರೆ ನೋಡೋಕೆ ಆಗದ್ದು. ಮೂರಕ್ಕೂ ಒಂದೇ ಪದ. ಕೊಳಕಾದ್ದು ತೊಳೆದರೆ ಹೋಗುತ್ತದೆ, ನಾಚಿಕೆಗೇಡಿನ ಕೆಲಸ ಮಾಡದಿದ್ದರೆ ನಾಚಿಕೆ ಇಲ್ಲ. ಮುಖವನ್ನು ಏನು ಮಾಡುವುದು? ಈ ಮೂರನ್ನೂ ಒಂದೇ ಗಂಟಿಗೆ ಕಟ್ಟಿದ್ದು ಭಾಷೆಯ ಆಕಸ್ಮಿಕ ಅಂತ ನನಗೆ ಅನಿಸುವುದಿಲ್ಲ.

ಮೊದಲು ನಮ್ಮ ಜಿಲ್ಲೆಯ ಎರಡು ದೊಡ್ಡ ಬಾಲ್ಯಗಳನ್ನು ನೋಡೋಣ. ಮುಳಬಾಗಿಲಿನಲ್ಲಿ 1887ರಲ್ಲಿ ಡಿ.ವಿ.ಗುಂಡಪ್ಪ ಹುಟ್ಟಿದರು. ಮಾಲೂರು ತಾಲೂಕಿನಲ್ಲಿ 1891ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದರು. ಇಬ್ಬರಿಗೂ ಬಾಲ್ಯ ಸುಖದ್ದಲ್ಲ. ಡಿವಿಜಿಯವರಿಗೆ ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲ, ಸಣ್ಣಪುಟ್ಟ ಕೆಲಸ ಹುಡುಕಿಕೊಂಡು ತಿರುಗಿದರು. ಮಾಸ್ತಿ ಚಿಕ್ಕವರಿರುವಾಗಲೇ ತಂದೆಯನ್ನು ಕಳೆದುಕೊಂಡರು, ಬಂಧುಗಳ ಆಸರೆಯಲ್ಲಿ ಓದಿದರು. ಅವರ ಆತ್ಮಕಥೆ 'ಭಾವ'ದಲ್ಲಿ ಆ ಬಡತನ ಇದೆ. ಅದು ಸುಳ್ಳು ಬಡತನ ಅಂತ ಯಾರೂ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ನಾನು ಓದಿದ ಹಾಗೆ, ಆ ಬಡತನದಲ್ಲಿ ಹುಡುಗನಿಗೆ ತನ್ನ ಮೈಯ ಮೇಲೆ ಅನುಮಾನ ಬರುವುದಿಲ್ಲ. ಅಂಗಿ ಹರಿದಿರಬಹುದು, ಅಂಗಿಯೊಳಗಿನ ಮೈ ಸರಿಯಾಗಿಯೇ ಇದೆ. ಬೇರೆಯವರ ಮನೆಯಲ್ಲಿ ಉಣ್ಣಬೇಕಾಗಿ ಬಂದರೂ ಅವನು ಒಳಗೆ ಕೂತು ಉಣ್ಣುತ್ತಾನೆ. ಬಡತನ ಒಂದೇ ಮನುಷ್ಯನನ್ನು ಕುರೂಪಿ ಮಾಡುವುದಿಲ್ಲ ಅನ್ನುವುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಅದೇ ಕಾಲ, ಅದೇ ಮಳೆ ಇಲ್ಲದ ಸೀಮೆ, ಅದೇ ರಾಗಿ. ಹಾಗಿದ್ದರೆ ಕೇರಿಯ ಮಗುವಿಗೆ ಇನ್ನೇನು ಸೇರಿತು?

ಸೇರಿಸಿದರು. ಅದು ಕಾನೂನಿನಂತೆ ಬರೆದಿಟ್ಟ ಸಂಗತಿ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಹೆಸರಿಡುವ ನಿಯಮ ಇದೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಶೂದ್ರನ ಹೆಸರು ಜುಗುಪ್ಸೆ ಹುಟ್ಟಿಸುವಂತಿರಬೇಕು. ಹತ್ತನೇ ಅಧ್ಯಾಯದಲ್ಲಿ ಚಂಡಾಲರ ಬಟ್ಟೆ ಪಾತ್ರೆಗಳ ನಿಯಮ ಇದೆ. ಹೆಣದ ಮೇಲಿನ ಬಟ್ಟೆ ಉಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ಹಾಕಬೇಕು. ಇದನ್ನು ನಾವು ಕ್ರೌರ್ಯ ಅಂತ ಓದುತ್ತೇವೆ, ಸರಿ. ಸೌಂದರ್ಯಶಾಸ್ತ್ರ ಅಂತಲೂ ಓದಬೇಕು. ಒಂದು ಸಮುದಾಯ ಕಣ್ಣಿಗೆ ಹೇಗೆ ಕಾಣಬೇಕು ಅಂತ ಮೊದಲೇ ತೀರ್ಮಾನಿಸಿ, ಹಾಗೆ ಕಾಣುವಂತೆ ಉಡಿಸಿ, ಆಮೇಲೆ ನೋಡಿ ಇವರು ಹೀಗಿದ್ದಾರೆ ಅಂದ ಹಾಗಾಯಿತು. ಭರತನಿಂದ ಹಿಡಿದು ರಸದ ಬಗ್ಗೆ ಅಷ್ಟೊಂದು ಪಾಠ ಮಾಡುವ ನಮ್ಮ ಕನ್ನಡ ಎಂ.ಎ. ತರಗತಿಗಳಲ್ಲಿ 'ಬೀಭತ್ಸ'ಕ್ಕೆ ಬರುವಾಗ ಈ ಶ್ಲೋಕಗಳು ಬರುವುದನ್ನು ನಾನು ಕೇಳಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅಲ್ಲಿ ಕೇರಿಯದ್ದೇ ಒಂದು ಜಾಣತನ ಇದೆ. ತಿಪ್ಪ, ತಿಪ್ಪಮ್ಮ, ಗುಂಡ, ಕಲ್ಲ, ಕರಿಯ. ಗಡಿಯ ಆಚೆಗೆ ಹೋದರೆ ಪೆಂಟಯ್ಯ, ಪೆಂಟಮ್ಮ. ತೆಲುಗಿನಲ್ಲಿ ಪೆಂಟ ಅಂದರೂ ತಿಪ್ಪೆಯೇ. ಇವೆಲ್ಲ ಮನು ಹೇಳಿ ಇಟ್ಟ ಹೆಸರುಗಳಲ್ಲ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಸಾಯುತ್ತಿದ್ದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ಬಂದು ತಿಪ್ಪ ಅಂತ ಕರೆದರು. ಸಾವು ಬಂದು ಹುಡುಕಿದರೆ, ಇದು ಎಸೆದ ಕೂಸು, ಬೇಡದ್ದು ಅಂತ ಬಿಟ್ಟುಹೋಗಲಿ ಅಂತ. ಕೆನ್ನೆಗೆ ಇಡುವ ದೃಷ್ಟಿಬೊಟ್ಟೂ ಅದೇ. ಚೆಂದದ ಮೇಲೆ ಒಂದು ಕಪ್ಪು ಚುಕ್ಕಿ, ಉಳಿಯಲಿ ಅಂತ. ಅಂದರೆ ಕೇರಿಯಲ್ಲಿ ಕುರೂಪದ ಹೆಸರು ಮಗುವಿಗೆ ಹೊದಿಸಿದ ಕಂಬಳಿ. ಅದೇ ಹೆಸರು ಇಸ್ಕೂಲಿನ ಹಾಜರಿ ಪುಸ್ತಕಕ್ಕೆ ಹತ್ತಿದಾಗ ತರಗತಿಯೇ ನಕ್ಕಿತು. ಕೋಟಿಗಾನಹಳ್ಳಿ ರಾಮಯ್ಯನವರ ಮಕ್ಕಳ ನಾಟಕವೊಂದರ ಹೆಸರು 'ನಾಯಿ ತಿಪ್ಪ'. ಆ ಹೆಸರನ್ನು ರಂಗದ ಮೇಲೆ ನಿಲ್ಲಿಸಿದ್ದೇ ಒಂದು ವಿಮರ್ಶೆ ಅಂತ ನಾನು ತಿಳಿದಿದ್ದೇನೆ. ಮರಾಠಿಯಲ್ಲಿ ದಯಾ ಪವಾರರ 'ಬಲುತ' 1978ರಲ್ಲಿ ಬಂತು. ಅದರಲ್ಲಿ ದಗಡೂ ಅನ್ನುವವನು ದಯಾ ಪವಾರ್ ಅನ್ನುವವನಿಗೆ ತನ್ನ ಕತೆ ಹೇಳುತ್ತಾನೆ. ಇಬ್ಬರೂ ಒಬ್ಬನೇ. ದಗಡ ಅಂದರೆ ಕಲ್ಲು. ಕಲ್ಲಿನ ಹೆಸರಿನ ಹುಡುಗ ಓದಿದ ಹೆಸರಿನ ಗಂಡಸಿಗೆ ತನ್ನನ್ನು ಪರಿಚಯ ಮಾಡಿಕೊಡಬೇಕಾಗಿ ಬಂದಿದೆ.

ಮೈಯ ರಾಜಕಾರಣವನ್ನು ಅಂಬೇಡ್ಕರ್ ಎಷ್ಟು ನೇರವಾಗಿ ಹಿಡಿದರು ಅನ್ನುವುದಕ್ಕೆ 1927ರ ಡಿಸೆಂಬರ್ ನೆನೆಯಬೇಕು. ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟ ದಿನ ಎಲ್ಲರಿಗೂ ನೆನಪಿದೆ. ಅದೇ ಸಮಾವೇಶದಲ್ಲಿ ಅವರು ಹೆಂಗಸರನ್ನು ಕೂರಿಸಿಕೊಂಡು ಸೀರೆಯ ಬಗ್ಗೆ, ಒಡವೆಯ ಬಗ್ಗೆ ಮಾತಾಡಿದರು. ನೋಡಿದ ಕೂಡಲೇ ಜಾತಿ ಗೊತ್ತಾಗುವಂತೆ ಉಡಬೇಡಿ, ಕೈಕಾಲು ತುಂಬ ಹೊರೆಯ ಒಡವೆ ಬೇಡ ಅನ್ನುವ ಅರ್ಥದ ಮಾತು. ಹೆಂಗಸರು ಅಲ್ಲೇ ಸೀರೆಯ ನೆರಿಗೆಯನ್ನು ಕಣಕಾಲಿನವರೆಗೆ ಇಳಿಸಿ ಉಟ್ಟರು. ಅದಕ್ಕೂ ಮುಂಚೆ ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ರವಿಕೆ ಹಾಕಿಕೊಳ್ಳುವ ಹಕ್ಕಿಗೆ ದಶಕಗಟ್ಟಲೆ ಹೊಡೆದಾಡಬೇಕಾಯಿತು, 1859ರ ಆಜ್ಞೆಯವರೆಗೆ. ಇವತ್ತು ನಮ್ಮ ಕೇರಿಗಳಲ್ಲಿ ನೀಲಿ ಸೂಟು, ಕೆಂಪು ಟೈ, ಬೂಟು ಹಾಕಿದ ಪ್ರತಿಮೆ ನಿಂತಿದೆ. ಅವರು ಯಾಕೆ ಪಂಚೆ ಉಡಲಿಲ್ಲ ಅಂತ ಕೇಳುವ ಪ್ರಗತಿಪರ ಗೆಳೆಯರು ಹೆಣದ ಬಟ್ಟೆಯ ಶ್ಲೋಕ ಓದಿಕೊಂಡು ಬರಲಿ.

ಈಗ ಕನ್ನಡದ ಆತ್ಮಕಥನಗಳಿಗೆ ಬರೋಣ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು, ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಮೊದಲ ಭಾಗವೂ ಅದೇ ದಶಕದ್ದು. ಮಾಲಗತ್ತಿಯವರ ಹೆಸರೇ ಒಂದು ಬೈಗುಳ. ಮೀಸಲಾತಿಯಲ್ಲಿ ಓದಿದವರನ್ನು ಆಡಿಕೊಳ್ಳುವ ಮಾತನ್ನು ಅವರು ಪುಸ್ತಕದ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದರು. ತಿಪ್ಪ ಅಂತ ಹೆಸರಿಟ್ಟ ತಾಯಿಯ ಉಪಾಯವೇ ಇದು. ಬೈಗುಳವನ್ನು ನಾವೇ ಮೊದಲು ಎತ್ತಿಕೊಂಡರೆ ಬೈಯುವವನ ಬಾಯಲ್ಲಿ ಉಳಿಯುವುದೇನು?

'ಊರುಕೇರಿ'ಯ ಶುರುವಿನಲ್ಲೇ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಇದೆ, ಎತ್ತುಗಳ ಜಾಗದಲ್ಲಿ. ಒಬ್ಬರು ಕವಿಯ ತಂದೆ. ನನಗೆ ಗೊತ್ತಿರುವ ಕನ್ನಡ ಗದ್ಯದಲ್ಲಿ ದಲಿತನ ಮೈಯನ್ನು ಮಗು ಮೊದಲ ಸಲ ಹೊರಗಿನಿಂದ ನೋಡಿದ ಗಳಿಗೆ ಇದಕ್ಕಿಂತ ನಿಚ್ಚಳವಾಗಿ ಎಲ್ಲೂ ಬಂದಿಲ್ಲ. ಅಲ್ಲಿಯವರೆಗೆ ಅಪ್ಪ ಅಪ್ಪನಾಗಿದ್ದ. ಆ ಕ್ಷಣ ಅವನು ಹೊಲದ ಒಡೆಯನ ಕಣ್ಣಿಗೆ ಏನಾಗಿ ಕಾಣುತ್ತಾನೋ ಅದಾಗಿಯೂ ಕಂಡ. ಕುರೂಪದ ತಿಳಿವಳಿಕೆ ಶುರುವಾಗುವುದು ಹೀಗೇ, ನಮ್ಮ ಕಣ್ಣಿನೊಳಗೆ ಇನ್ನೊಬ್ಬರ ಕಣ್ಣು ಬಂದು ಕೂರುವುದರಿಂದ. ಆಮೇಲೆ ಸಿದ್ಧಲಿಂಗಯ್ಯ ನಗಲು ಶುರುಮಾಡುತ್ತಾರೆ. ಸ್ಮಶಾನದಲ್ಲಿ ಕೂತು ಓದಿದ್ದನ್ನೂ ಹಾಸ್ಟೆಲಿನ ಹಸಿವನ್ನೂ ನಗುತ್ತಲೇ ಹೇಳುತ್ತಾರೆ. ಈ ನಗುವಿನ ಬಗ್ಗೆ ಡಿ.ಆರ್.ನಾಗರಾಜ್ ಬರೆದರು, ಅದು ಹೊಸ ಧೈರ್ಯ ಅಂದವರಿದ್ದಾರೆ, ಸಿಟ್ಟು ತಣ್ಣಗಾಯಿತು ಅಂದವರೂ ಇದ್ದಾರೆ. ನನಗೆ ಕಾಣುವುದು ಬೇರೆ. ನಗುವವನು ಗಂಡಸು. ಕೇರಿಯ ಹುಡುಗ ತನ್ನ ಮೈಯನ್ನು ತಾನೇ ತಮಾಷೆ ಮಾಡಿದರೆ ಅವನಿಗೆ ಗೆಳೆಯರು ಸಿಗುತ್ತಾರೆ. ಹುಡುಗಿ ಹಾಗೆ ಮಾಡಲಾರಳು. ಅವಳ ಮೈ ನಾಳೆ ಮದುವೆ ಮಾತುಕತೆಗೆ ಹೋಗಬೇಕಾದ್ದು.

ಹೆಂಗಸರ ಪುಸ್ತಕಗಳು ಆಚೀಚೆಯ ಭಾಷೆಗಳಲ್ಲಿ ಮೊದಲು ಬಂದವು. ಮರಾಠಿಯಲ್ಲಿ ಬೇಬಿ ಕಾಂಬಳೆ, 2003ರಲ್ಲಿ ಊರ್ಮಿಳಾ ಪವಾರರ 'ಆಯದಾನ್', ತಮಿಳಿನಲ್ಲಿ 1992ರಲ್ಲಿ ಬಾಮಾ ಅವರ 'ಕರುಕ್ಕು'. 'ಕರುಕ್ಕು'ವಿನಲ್ಲಿ ಒಬ್ಬ ಹಿರಿಯ ವಡೆಯ ಪೊಟ್ಟಣವನ್ನು ದಾರದಲ್ಲಿ ಹಿಡಿದುಕೊಂಡು ಬರುವುದನ್ನು ನೋಡಿ ಹುಡುಗಿ ನಗುತ್ತಾಳೆ. ಮುಟ್ಟಬಾರದು ಅಂತ ಹಾಗೆ ಹಿಡಿದಿದ್ದಾನೆ ಅಂತ ಅಣ್ಣ ಹೇಳಿದ ಮೇಲೆ ಅವಳಿಗೆ ನಗು ಬರುವುದಿಲ್ಲ. ಕನ್ನಡದಲ್ಲಿ ದಲಿತ ಹೆಂಗಸರು ಕವಿತೆ ಬರೆದರು, ಕತೆ ಬರೆದರು. ಸ್ವಂತ ಬಾಲ್ಯದ ಪೂರ್ತಿ ಪುಸ್ತಕ ಮಾತ್ರ ಕಡಿಮೆ. ಯಾಕೆ ಅಂತ ಕೇಳಿದರೆ ಓದು ತಡವಾಯಿತು ಅನ್ನುವ ಉತ್ತರ ಬರುತ್ತದೆ. ನಿಜ, ಪೂರ್ತಿ ನಿಜವಲ್ಲ. ನನ್ನ ಮುಖದ ಬಗ್ಗೆ ನಾನು ಬರೆದರೆ ನಾಳೆ ಯಾರು ಓದುತ್ತಾರೆ, ಓದಿ ಏನಂತಾರೆ ಅನ್ನೋ ಭಯ ಸಣ್ಣದಲ್ಲ.

ಹಾಗಾಗಿ ನಾನು ಇಲ್ಲಿ ಒಂದು ಅಂಗವನ್ನು ಮಾತ್ರ ಹಿಡಿದು ಈ ಚರಿತ್ರೆ ಹೇಳಲು ನೋಡುತ್ತೇನೆ. ಹಲ್ಲು.

ನಮ್ಮ ನಾಲ್ಕೂ ತಾಲೂಕುಗಳಲ್ಲಿ 'ಗಾರ ಹಲ್ಲು' ಅನ್ನುವ ಮಾತಿದೆ, ತೆಲುಗಿನಿಂದ ಬಂದದ್ದು. ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ ಗೆರೆ, ಆಮೇಲೆ ಕಂದು, ಕೆಲವರಿಗೆ ಗುಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಆಗುವ ತೊಂದರೆ ಇದು. ಹಲ್ಲಿನ ಮೇಲ್ಪದರ ಒಸಡಿನೊಳಗೆ ಕಟ್ಟಿಕೊಳ್ಳುವ ವಯಸ್ಸಿನಲ್ಲಿ, ಅಂದರೆ ಎಂಟು ವರ್ಷದೊಳಗೆ, ಕುಡಿದ ನೀರು ಮಾತ್ರ ಇದನ್ನು ಮಾಡುತ್ತದೆ. ಹುಟ್ಟಿದ ಮೇಲೆ ಎಷ್ಟು ಉಜ್ಜಿದರೂ ಹೋಗದು, ಉಜ್ಜದಿದ್ದರೂ ಬರದು. ಅಮೆರಿಕದ ಕೊಲರಾಡೋದಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇಂಥ ಹಲ್ಲು ನೋಡಿ ಒಬ್ಬ ದಂತವೈದ್ಯರು ಬೆನ್ನುಹತ್ತಿದರು, ಕಾರಣ ಫ್ಲೋರೈಡ್ ಅಂತ ಗೊತ್ತಾಗಲು 1931 ಆಯಿತು. ನಮ್ಮ ಪಕ್ಕದ ನೆಲ್ಲೂರು ಸೀಮೆಯಲ್ಲಿ ಮೂಳೆಯನ್ನೂ ಬಗ್ಗಿಸುವ ಅದೇ ರೋಗದ ವರದಿ ಬಂದದ್ದು 1937ರಲ್ಲಿ. ಅಂದರೆ ನನ್ನ ಮುತ್ತಜ್ಜಿಯ ಕಾಲಕ್ಕೇ ಇದು ತಿಳಿದ ವಿಷಯ.

ಆದರೆ ಮುತ್ತಜ್ಜಿಗೆ ಗಾರ ಹಲ್ಲು ಇರಲಿಲ್ಲ. ನಮ್ಮವ್ವನಿಗೂ ಇರಲಿಲ್ಲ (ನಮ್ಮ ಕಡೆ ತೆಲುಗಿನ ನೆರೆಗೆ ಅಜ್ಜಿಯನ್ನೇ ಅವ್ವ ಅನ್ನುವುದು). ಎಲೆ ಅಡಿಕೆ ಹಾಕಿ ಕೆಂಪಾಗಿದ್ದವು, ಅದರ ಕೆಳಗೆ ಗಟ್ಟಿ ಬಿಳಿ ಹಲ್ಲು. ಅವರು ಕುಡಿದದ್ದು ಕೆರೆಯ, ಬಾವಿಯ ನೀರು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ, ಅಂದರೆ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚೆ, 4,000ಕ್ಕೂ ಹೆಚ್ಚು ಕೆರೆಗಳಿದ್ದವು. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಸೀಮೆ ಬದುಕಿದ್ದು ಅದರಿಂದ. ತೂಬು ಎತ್ತಿ ಗದ್ದೆಗೆ ನೀರು ಹಂಚುವ ನೀರುಗಂಟಿ ಹೆಚ್ಚಾಗಿ ಕೇರಿಯವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನಿಗೆ ಬಾಯಿಪಾಠ. ಇಡೀ ಊರಿನ ನೀರು ಅವನ ಕೈಯಲ್ಲಿ, ಊರ ಬಾವಿಯನ್ನು ಮಾತ್ರ ಅವನು ಮುಟ್ಟುವಂತಿಲ್ಲ. ಗ್ರಾಮ ಕಚೇರಿಗಳನ್ನು ರದ್ದು ಮಾಡಿದ 1961ರ ಕಾಯ್ದೆಯಿಂದ ತೋಟಿ, ನೀರುಗಂಟಿಗಳ ವಂಶಪಾರಂಪರ್ಯದ ಚಾಕರಿ ಹೋಯಿತು. ಚಾಕರಿ ಹೋದದ್ದು ಬಿಡುಗಡೆಯೇ. ಕೆರೆಯನ್ನು ನೋಡಿಕೊಳ್ಳುವವರು ಇಲ್ಲದಾದದ್ದೂ ಹೌದು. ಪಂಪ್‌ಸೆಟ್ ಬಂತು, ಹೂಳು ತುಂಬಿತು, ಒತ್ತುವರಿ ಆಯಿತು. ಇದನ್ನೆಲ್ಲ ಬೇರೆಯವರು ಚೆನ್ನಾಗಿ ಬರೆದಿದ್ದಾರೆ.

ನನಗೆ ಮುಖ್ಯವಾದ್ದು ಆಮೇಲೆ ನಡೆದದ್ದು. ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರಲ್ಲಿ ಬಂದಾಗ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿಯಾದರು. ಹಳ್ಳಿ ಹಳ್ಳಿಗೆ ಬೋರು ಕೊರೆಸಿ ಕೈಪಂಪು ನೆಟ್ಟರು, ಜನ 'ನೀರ್ ಸಾಬ್' ಅಂದರು. 1988ರಲ್ಲಿ ಅವರು ತೀರಿಕೊಂಡಾಗ ಕೇರಿಗಳಲ್ಲಿ ಅತ್ತವರಿದ್ದಾರೆ. ಅವರು ಅತ್ತದ್ದಕ್ಕೆ ಕಾರಣ ಇದೆ. ಕೈಪಂಪು ಬರುವ ಮುಂಚೆ ನಮ್ಮ ಹೆಂಗಸರು ಊರ ಬಾವಿಯ ದೂರದಲ್ಲಿ ಬಿಂದಿಗೆ ಇಟ್ಟು ಕಾಯಬೇಕಿತ್ತು. ಯಾರಾದರೂ ಪುಣ್ಯಾತ್ಗಿತ್ತಿ ಸೇದಿ ಮೇಲಿಂದ ಹೊಯ್ಯಬೇಕು. ಮಹಾಡ್‌ನ ಕೆರೆಯ ನೀರಿಗಾಗಿ 1927ರಲ್ಲಿ ನಡೆದ ಹೋರಾಟ ನಮ್ಮ ಕೇರಿಯ ಮಟ್ಟಿಗೆ ಮುಗಿದದ್ದು ಕೈಪಂಪು ಬಂದ ದಿನ. ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ, ನಡುರಾತ್ರಿ ಬೇಕಾದರೂ ಹೋಗಿ ನಮ್ಮ ನೀರನ್ನು ನಾವೇ ಹೊಡೆದುಕೊಂಡೆವು.

ಆ ನೀರಿನಲ್ಲೇ ಇತ್ತು. ಗ್ರಾನೈಟ್ ಬಂಡೆಯ ಸಂದಿಗಳಲ್ಲಿ ನೀರು ಎಷ್ಟು ಆಳದಲ್ಲಿ ಎಷ್ಟು ಕಾಲ ಕೂತಿರುತ್ತದೋ ಅಷ್ಟು ಫ್ಲೋರೈಡ್ ಎಳೆದುಕೊಳ್ಳುತ್ತದೆ. ಮೊದಮೊದಲು ಇನ್ನೂರು ಮುನ್ನೂರು ಅಡಿ, ಈಗ ಸಾವಿರ ಅಡಿ ದಾಟಿದ ಬೋರುಗಳು. ನಜೀರ್ ಸಾಬರನ್ನು ನಾನು ದೂರುತ್ತಿಲ್ಲ. ಕೇರಿಗೆ ನೀರು ತಂದ ಮನುಷ್ಯನ ಮೇಲೆ ಬಂಡೆಯ ಪಾಪ ಹೊರಿಸುವುದು ಅನ್ಯಾಯ. ಕೆರೆ ತುಂಬಿದ್ದರೆ ಅಷ್ಟು ಆಳಕ್ಕೆ ಹೋಗಬೇಕಾಗಿಯೇ ಇರಲಿಲ್ಲ. ನಾನು ಹೇಳುವುದಿಷ್ಟೆ. ಮುಟ್ಟಿಸಿಕೊಳ್ಳದ ಬಾವಿಯಿಂದ ನಮ್ಮನ್ನು ಬಿಡಿಸಿದ ನೀರೇ ನಮ್ಮ ಬಾಯಿಯ ಮೇಲೆ ಗುರುತು ಹಾಕಿತು. ಈ ಗುರುತಿಗೆ ಇಸವಿ ಇದೆ, ಇಲಾಖೆ ಇದೆ, ಭೂಗರ್ಭಶಾಸ್ತ್ರ ಇದೆ.

ಆ ಹಲ್ಲು ನನಗೂ ಇದೆ. ನಾನು ಓದಿದ ಶಾಲೆಯಲ್ಲಿ ನನ್ನ ತರಗತಿಯಲ್ಲೇ ಊರಿನ ದೊಡ್ಡ ಮನೆಯ ಹುಡುಗಿ ಒಬ್ಬಳಿದ್ದಳು, ಅವಳಿಗೂ ಇದೇ ಹಲ್ಲು. ಬಂಡೆಗೆ ಜಾತಿ ಇಲ್ಲ, ಊರಿನ ಬೋರಿನಲ್ಲೂ ಅದೇ ನೀರು. ಮೇಷ್ಟ್ರು ಅವಳ ಹಲ್ಲು ನೋಡಿ, "ಪಾಪ, ನೀರಿನ ದೋಷ ಕಣಮ್ಮ, ನಿಮ್ಮಪ್ಪನಿಗೆ ಹೇಳು, ಬೆಂಗಳೂರಲ್ಲಿ ತೋರಿಸಲಿ" ಅಂದರು. ನನ್ನ ಹಲ್ಲು ನೋಡಿ, "ಹಲ್ಲುಜ್ಜೋದು ಕಲಿಸಿಲ್ವಾ ನಿಮ್ಮಲ್ಲಿ?" ಅಂದರು. ಎರಡೂ ಒಂದೇ ಬೆಳಿಗ್ಗೆ ಅಲ್ಲ, ಎರಡೂ ನನ್ನ ಕಿವಿಯಲ್ಲಿವೆ. ನಮ್ಮಮ್ಮ ಮಾಲೂರಿನ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗುತ್ತಿದ್ದ ಕಾಲ ಅದು. ಸಂಜೆ ಸೆರಗಿನಲ್ಲಿ ಇಟ್ಟಿಗೆ ಪುಡಿ ಕಟ್ಟಿಕೊಂಡು ಬಂದು, ಜರಡಿ ಹಿಡಿದು, ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಸಡಿನಲ್ಲಿ ರಕ್ತ ಬರುವ ಹಾಗೆ ಉಜ್ಜುತ್ತಿದ್ದಳು. "ಹೋಗ್ತೈತೆ ತಡಿ, ಹೋಗ್ತೈತೆ." ಅವಳು ಉಜ್ಜುತ್ತಿದ್ದದ್ದು ಕರೆಯನ್ನಲ್ಲ ಅಂತ ಈಗ ಗೊತ್ತಾಗುತ್ತದೆ. ಮೇಷ್ಟ್ರು ಹೇಳಿದ 'ನಿಮ್ಮಲ್ಲಿ' ಅನ್ನೋ ಪದವನ್ನು.

ಒಂದೇ ನೀರು, ಒಂದೇ ಹಲ್ಲು. ಒಬ್ಬಳಿಗೆ ಅದು ದೋಷ, ಇನ್ನೊಬ್ಬಳಿಗೆ ಅದು ಗುಣ. ಕಾರಣ ಹೇಳಿಸಿಕೊಂಡ ಹುಡುಗಿಯ ಮುಖ ಅವಳದ್ದಾಗಿಯೇ ಉಳಿಯಿತು, ಹಲ್ಲು ಮಾತ್ರ ಕೆಟ್ಟಿತ್ತು. ಕಾರಣ ಹೇಳಿಸಿಕೊಳ್ಳದ ಹುಡುಗಿಯ ಮುಖವೇ ಅವಳ ಜನರ ಸಾಕ್ಷಿಯಾಯಿತು. ಕುರೂಪ ಅಂತ ನಾನು ಕರೆಯುತ್ತಿರುವುದು ಇದನ್ನು. ಹೊರಗಿನ ಕಾರಣವನ್ನು ಕಿತ್ತು ಬಿಸಾಕಿ ಪರಿಣಾಮವನ್ನು ಮಾತ್ರ ಮುಖಕ್ಕೆ ಅಂಟಿಸುವ ಕೆಲಸ. ಹೆಣದ ಬಟ್ಟೆ ಉಡಿಸಿದ್ದು ಯಾರು ಅಂತ ಹೇಳದೆ ಉಟ್ಟವನನ್ನು ತೋರಿಸಿದ ಹಾಗೆ.

ಇದು ನಮ್ಮೊಬ್ಬರದ್ದೇ ಅಲ್ಲ ಅಂತ ತಿಳಿದದ್ದು ಎಂ.ಎ. ಓದುವಾಗ ಟೋನಿ ಮಾರಿಸನ್ ಸಿಕ್ಕಿದ ಮೇಲೆ. ಅವರ 1970ರ ಮೊದಲ ಕಾದಂಬರಿಯಲ್ಲಿ ಪಿಕೋಲಾ ಅನ್ನುವ ಕಪ್ಪು ಹುಡುಗಿ ತನಗೆ ನೀಲಿ ಕಣ್ಣು ಬರಲಿ ಅಂತ ಬೇಡಿಕೊಳ್ಳುತ್ತಾಳೆ. ಕೆನ್ನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ 1940ರ ದಶಕದಲ್ಲಿ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಚೆಂದ ಅಂತ ಕೇಳಿದರು, ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ತೋರಿಸಿದರು. ಆ ಪರೀಕ್ಷೆ 1954ರಲ್ಲಿ ಶಾಲೆಗಳ ವರ್ಣಭೇದವನ್ನು ರದ್ದು ಮಾಡಿದ ತೀರ್ಪಿನವರೆಗೆ ಹೋಯಿತು. ಮಕ್ಕಳ ಕೀಳರಿಮೆಗೆ ಚಿಕಿತ್ಸೆ ಕೊಡಿ ಅಂತ ಕೋರ್ಟು ಹೇಳಲಿಲ್ಲ, ಶಾಲೆಯನ್ನು ಸರಿಮಾಡಿ ಅಂದಿತು. ನಮ್ಮಲ್ಲಿ 1975ರಲ್ಲಿ 'ಫೇರ್ ಅಂಡ್ ಲವ್ಲಿ' ಬಂತು. 2020ರಲ್ಲಿ 'ಫೇರ್' ತೆಗೆದು 'ಗ್ಲೋ' ಹಾಕಿದರು. ಟ್ಯೂಬಿನ ಮೇಲೆ ಪದ ಬದಲಾಯಿತು, ಶ್ರೀನಿವಾಸಪುರದ ಅಂಗಡಿಯಲ್ಲಿ ಹುಡುಗಿಯರು ಇನ್ನೂ ಹಳೇ ಹೆಸರಲ್ಲೇ ಕೇಳುತ್ತಾರೆ.

ಇಲ್ಲಿ 'ಗೆದ್ದ' ಬಾಲ್ಯಗಳ ಬಗ್ಗೆ ಒಂದು ತಕರಾರು ಹೇಳಬೇಕು. ಕಷ್ಟಪಟ್ಟು ಓದಿ, ನೌಕರಿ ಹಿಡಿದು, ಮೇಲೆ ಬಂದೆ ಅನ್ನುವ ಆತ್ಮಕಥೆಗಳು ಈಗ ಬಹಳ. ಸನ್ಮಾನ ಸಭೆಗಳಲ್ಲಿ ಅವಕ್ಕೆ ಬೇಡಿಕೆ ಇದೆ. ನಿಮ್ಮ ಛಲ ನೋಡಿ, ನಮ್ಮ ಮಕ್ಕಳಿಗೆ ಪಾಠ ಅಂತ ಊರಿನವರೂ ಹಾರ ಹಾಕುತ್ತಾರೆ. ಛಲದ ಕತೆ ಯಾರಿಗೂ ತೊಂದರೆ ಕೊಡುವುದಿಲ್ಲ, ಅದಕ್ಕೇ ಅಷ್ಟು ಹಾರ. ಹೊರಬಂದವನ ಹಿಂದೆ ಕೈಪಂಪು ಅಲ್ಲೇ ಇರುತ್ತದೆ, ಹಾಜರಿ ಪುಸ್ತಕ ಅಲ್ಲೇ ಇರುತ್ತದೆ. ಮಾಲಗತ್ತಿ, ಸಿದ್ಧಲಿಂಗಯ್ಯ, ಬಾಮಾ ಬರೆದದ್ದು ಈ ಜಾತಿಯ ಪುಸ್ತಕಗಳಲ್ಲ. ಅಲ್ಲಿ ಬರೆಯುವವರು ಮೇಲೆ ಬಂದಿದ್ದಾರೆ, ಕಾರಣಗಳನ್ನು ಮಾತ್ರ ಬಿಟ್ಟು ಬಂದಿಲ್ಲ. ನೊಗ ಯಾರ ಹೊಲದಲ್ಲಿತ್ತು ಅಂತ ಓದುಗನಿಗೆ ಗೊತ್ತಾಗುತ್ತದೆ. ನಮ್ಮ ವಿಮರ್ಶೆ ಆತ್ಮಕಥನಗಳನ್ನು ಅಳೆಯುವಾಗ ಎಷ್ಟು ಕಷ್ಟ, ಎಷ್ಟು ಗೆಲುವು ಅಂತ ತೂಗುವುದನ್ನು ಬಿಟ್ಟು, ಮುಖಕ್ಕೆ ಅಂಟಿಸಿದ್ದನ್ನು ಕಿತ್ತು ಅದು ಬಂದ ಜಾಗಕ್ಕೆ ವಾಪಸ್ಸು ಅಂಟಿಸಿದ್ದಾರೆಯೇ ಅಂತ ಕೇಳಲಿ.

ಇದನ್ನು ಬರವಣಿಗೆಗೂ ಮೊದಲು ಮಾಡಿದವರು ನಮ್ಮ ಸೀಮೆಯಲ್ಲಿ ಇದ್ದರು. ಅಯೋತಿ ದಾಸರು 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ ಮೇಲೆ ಅದರ ಶಾಖೆ ಚಿನ್ನದ ಗಣಿಯ ಮಾರಿಕುಪ್ಪಂನಲ್ಲಿ ಬೆಳೆಯಿತು. ಹಗಲು ನೆಲದಡಿ ಬಂಡೆ ಒಡೆದ ಕೂಲಿಗಳು ಸಂಜೆ ಕೂತು ನಾವು ಮೊದಲು ಯಾರಾಗಿದ್ದೆವು ಅಂತ ಚರ್ಚೆ ಮಾಡಿದರು. ಅವರ 'ತಮಿಳನ್' ಪತ್ರಿಕೆ ಅಯೋತಿ ದಾಸರ ನಂತರ ಅಲ್ಲಿಂದಲೇ ಹೊರಟಿತು. ಆ ಗಣಿ 2001ರಲ್ಲಿ ಮುಚ್ಚಿತು. ಕನ್ನಡದ ನಾವು ಆ ತಮಿಳು ದಲಿತ ಪರಂಪರೆಯನ್ನು ನಮ್ಮದು ಅಂತ ಇನ್ನೂ ಓದಿಕೊಂಡಿಲ್ಲ. ಇಪ್ಪತ್ತು ಮೈಲಿ ದೂರ, ಒಂದು ಲಿಪಿಯ ಅಡ್ಡಿ. ಆಮೇಲೆ 1970, 80ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬಂತು. ಅದು ಕೋಲಾರಕ್ಕೆ ಕೊಟ್ಟದ್ದರಲ್ಲಿ ದೊಡ್ಡದು ಹಾಡು. ನಮ್ಮಪ್ಪ ಓದಿದವನಲ್ಲ, ಸಭೆಗಳಲ್ಲಿ ತಮಟೆ ಹಿಡಿದು ಹಾಡಿದವನು. ಹಾಡಲು ಬಾಯಿ ಅಗಲಿಸಿ ತೆಗೆಯಬೇಕು. ಗಾರ ಹಲ್ಲು ತೋರಿದರೆ ತೋರಲಿ ಅಂತ ಸಾವಿರ ಜನದ ಮುಂದೆ ಬಾಯಿ ತೆಗೆದ ಹುಡುಗ ಹುಡುಗಿಯರನ್ನು ಈಗಲೂ ತೇರಹಳ್ಳಿ ಬೆಟ್ಟದ 'ಆದಿಮ'ದ ಹುಣ್ಣಿಮೆ ಹಾಡಿನಲ್ಲಿ ಕಂಡಿದ್ದೇನೆ. ತರಗತಿಯಲ್ಲಿ ಇದೇ ಮಕ್ಕಳು ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಅಂಗೈ ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಾರೆ.

ನಾನು ಪಾಠ ಮಾಡುವ ಪದವಿ ತರಗತಿಗೆ ಹೋದ ವರ್ಷ 'ಗೌರ್ಮೆಂಟ್ ಬ್ರಾಹ್ಮಣ'ದ ಒಂದು ಭಾಗ ಓದಿಸಿ, ನಿಮ್ಮ ಮುಖದ ಬಗ್ಗೆ ಒಂದು ಪುಟ ಬರೆಯಿರಿ, ಹೆಸರು ಬೇಡ ಅಂದೆ. ಬಣ್ಣ, ಮೂಗು, ಕೂದಲು, ಹಲ್ಲು. ಒಬ್ಬರೂ ನೀರಿನ ಬಗ್ಗೆ ಬರೆದಿರಲಿಲ್ಲ. ಒಂದು ಪುಟದಲ್ಲಿ ಮಾತ್ರ, ಅಕ್ಷರ ನೋಡಿದರೆ ಹುಡುಗನದ್ದು, "ಆಧಾರ್ ಫೋಟೋದಲ್ಲಿ ನಗಬಾರದು ಅನ್ನೋ ರೂಲ್ಸು ನನಗೆ ಇಷ್ಟ" ಅಂತ ಇತ್ತು. ಮಾರನೇ ದಿನ ನಾನು ಸಾಹಿತ್ಯ ಬಿಟ್ಟು ಫ್ಲೋರೈಡ್ ಪಾಠ ಮಾಡಿದೆ. ಒಂದು ಗಂಟೆ ಪೂರ್ತಿ. ಸಿಲಬಸ್ಸಿನಲ್ಲಿ ಇಲ್ಲ. ಗಂಟೆ ಹೊಡೆದ ಮೇಲೂ ಮುಳಬಾಗಿಲು ಕಡೆಯ ಇಬ್ಬರು ಹುಡುಗಿಯರು ನಿಂತುಕೊಂಡು, "ಹಂಗಾದ್ರೆ ಮೇಡಂ, ನಾವು ಸರಿಯಾಗೇ ಉಜ್ತಿದ್ವಾ?" ಅಂತ ಕೇಳಿದರು.

ಈಗ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಬಂದಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಟ್ಟಿದ್ದಾರೆ. ಕೆರೆ ತುಂಬಿದೆ, ಆ ನೀರು ಕುಡಿಯುವುದಕ್ಕಲ್ಲ. ನಮ್ಮೂರಿನ ಕೈಪಂಪು ಒಣಗಿ ಹಿಡಿ ಮಾತ್ರ ಉಳಿದಿದೆ. ನೀರಿನ ಘಟಕ ಇರುವುದು ಊರಿನೊಳಗೆ, ಹಾಲಿನ ಡೇರಿಯ ಪಕ್ಕ. 20 ಲೀಟರಿಗೆ 5 ರೂಪಾಯಿ. ನಾಣ್ಯ ಹಾಕಿದರೆ ಯಂತ್ರ ಎಲ್ಲರಿಗೂ ನೀರು ಕೊಡುತ್ತದೆ. ಆದರೂ ಕೇರಿಯ ಹೆಂಗಸರು ಡೇರಿಯ ಹೊತ್ತು ಕಳೆದ ಮೇಲೆ ಹೋಗುತ್ತಾರೆ. ಯಾಕೆ ಅಂತ ಕೇಳಿದರೆ "ಯಾಕಮ್ಮ ಸುಮ್ಮನೆ" ಅನ್ನುತ್ತಾರೆ. ಅತ್ತಿಗೆ ಕ್ಯಾನಿನ ನೀರನ್ನು ಕುಡಿಯೋಕೆ ಇಟ್ಟು, ಅನ್ನ ಸಾರು ಬೋರಿನ ನಲ್ಲಿ ನೀರಲ್ಲಿ ಮಾಡುತ್ತಾರೆ. ದಿನಾ ಎರಡು ಕ್ಯಾನ್ ಹೊರುವ ಶಕ್ತಿ ಇಲ್ಲ, ದುಡ್ಡೂ ಇಲ್ಲ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ ಅಂತ ನಾನು ಹೇಳಿದ್ದೇನೆ. ಅಣ್ಣನ ಮಗಳಿಗೆ ಈಗ ಆರು ತುಂಬಿತು, ಮುಂದಿನ ಎರಡು ಹಾಲುಹಲ್ಲು ಬಿದ್ದಿವೆ. ಅತ್ತಿಗೆ ರಾತ್ರಿ ಅವಳನ್ನು ಹತ್ತಿರ ಕೂರಿಸಿಕೊಂಡು, ಮೊಬೈಲಿನ ಟಾರ್ಚ್ ಹಾಕಿ, ಬರುತ್ತಿರುವ ಹಲ್ಲಿನ ತುದಿಯನ್ನು ನೋಡುತ್ತಾರೆ.